ಅಕೌಂಟ್ಸ್ ಹೈಯರ್: ನಿಮ್ಮ ಕಚೇರಿಯ ಬಿಲ್ಲು, ಎಸ್‌ಆರ್‌ ಇಟ್ಟುಕೊಂಡೇ ಓದಿ

ಸರ್ಕಾರಿ ನೌಕರರಿಗೆ ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ಜನರಲ್ ಲಾ ಸಲೀಸಾಗಿ ದಾಟಿದವರೂ ಲೆಕ್ಕಪತ್ರದ ಮೇಲಿನ ಹಂತದ ಪತ್ರಿಕೆಯಾದ ಅಕೌಂಟ್ಸ್ ಹೈಯರ್ ಬಂದಾಗ ನಿಂತುಬಿಡುತ್ತಾರೆ. ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಸಂಬಳದ ಬಿಲ್ಲು ಮಾಡುವವರು, ಶಿರಾದ ಶಿಕ್ಷಣ ಇಲಾಖೆ ಕಚೇರಿಯಲ್ಲಿ ರಜೆ ಲೆಕ್ಕ ಬರೆಯುವವರು, ಪಾವಗಡದ ಆಸ್ಪತ್ರೆಯಲ್ಲಿ ಕ್ಯಾಶ್ ಬುಕ್ ಹಿಡಿದವರು ದಿನಾ ಮಾಡುವ ಕೆಲಸವನ್ನೇ ಈ ಪತ್ರಿಕೆ ಕೇಳುತ್ತದೆ. ಆದರೂ ಕಷ್ಟ ಅನ್ನಿಸುವುದಕ್ಕೆ ಕಾರಣವಿದೆ. ಓದುವುದು ಸಂಜೆ ಮನೆಯಲ್ಲಿ, ಗೈಡ್‌ನಿಂದ. ಕೆಲಸ ಮಾಡುವುದು ಹಗಲು ಕಚೇರಿಯಲ್ಲಿ, ಹಿಂದಿನವರು ಬಿಟ್ಟುಹೋದ ಮಾದರಿ ನೋಡಿಕೊಂಡು. ಗೈಡ್‌ನ ನಿಯಮಕ್ಕೂ ಮೇಜಿನ ಮೇಲಿನ ಕಡತಕ್ಕೂ ಗಂಟು ಬೀಳುವುದೇ ಇಲ್ಲ. ಈ ಮಾರ್ಗದರ್ಶಿ ಆ ಗಂಟು ಹಾಕುವ ಕ್ರಮವನ್ನು ಹೇಳುತ್ತದೆ.

ಮೊದಲು ಮಾಡಬೇಕಾದ ಮೂರು ಕೆಲಸ

ನಿಮ್ಮ ಮುಂದಿನ ಹುದ್ದೆಗೆ ಯಾವ ಪತ್ರಿಕೆ ಬೇಕು ಎಂಬುದನ್ನು ಪಕ್ಕದ ಮೇಜಿನವರ ಬಾಯಿಂದ ಕೇಳಿ ನಿರ್ಧರಿಸಬೇಡಿ. ಇಲಾಖಾ ಪರೀಕ್ಷೆಗಳಿಗೆ ಆಧಾರ 1974ರ ಸೇವಾ ಮತ್ತು ಕನ್ನಡ ಭಾಷಾ ಪರೀಕ್ಷೆಗಳ ನಿಯಮಗಳು. ಅದರ ಜತೆಗೆ ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ ನೋಡಬೇಕು. ಅಕೌಂಟ್ಸ್ ಲೋಯರ್ ಸಾಕಾಗುವ ಹುದ್ದೆಗೆ ಹೈಯರ್ ಓದಿದರೆ ನಷ್ಟವೇನೂ ಇಲ್ಲ. ಹೈಯರ್ ಬೇಕಾದ ಹುದ್ದೆಗೆ ಲೋಯರ್ ಪಾಸಾಗಿ ನಿಶ್ಚಿಂತೆಯಾಗಿ ಕೂತರೆ, ಬಡ್ತಿ ಪಟ್ಟಿ ಹೊರಡುವ ದಿನ ಗೊತ್ತಾಗುತ್ತದೆ.

ಎರಡನೆಯದು ಅಧಿಸೂಚನೆ. ಪತ್ರಿಕೆಯ ಅವಧಿ, ಒಟ್ಟು ಅಂಕ, ತೇರ್ಗಡೆಯ ಅಂಕ, ಋಣಾಂಕ ಉಂಟೋ ಇಲ್ಲವೋ, ಕೇಂದ್ರ ಯಾವ ಊರು, ಇವೆಲ್ಲ ಆ ಅಧಿವೇಶನದ ಅಧಿಸೂಚನೆಯಲ್ಲಿ ಬರೆದಿರುವಂತೆಯೇ ಲೆಕ್ಕ. ಹಿಂದಿನ ಸಲ ಬರೆದವರ ಅನುಭವ ಹಿಂದಿನ ಸಲಕ್ಕೆ. ಅರ್ಜಿಯಲ್ಲಿ ಹೆಸರು, ಜನ್ಮದಿನಾಂಕ, ಇನಿಷಿಯಲ್ ಸೇವಾ ವಹಿಯಲ್ಲಿ, ಅಂದರೆ ಎಸ್‌ಆರ್‌ನಲ್ಲಿ, ಇರುವಂತೆಯೇ ತುಂಬಿ. ಆಧಾರ್‌ನಲ್ಲೊಂದು, ಎಸ್‌ಆರ್‌ನಲ್ಲೊಂದು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಪಾಸಾದ ಮೇಲೆ ಅದು ಇನ್ನೊಂದು ಕಡತವಾಗುತ್ತದೆ.

ಮೂರನೆಯದು ಪುಸ್ತಕ. ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಅಂದರೆ ಎಲ್ಲರೂ ಕೆಸಿಎಸ್‌ಆರ್ ಎನ್ನುವುದು, 1958ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ, ಸಾದಿಲ್ವಾರು (ಕಚೇರಿಯ ಚಿಲ್ಲರೆ) ವೆಚ್ಚದ ಕೈಪಿಡಿ ಎಲ್ಲವೂ ಅದೇ 1958ರ ಮಕ್ಕಳು. ಆರೂವರೆ ದಶಕದಲ್ಲಿ ಅವುಗಳಿಗೆ ಬಿದ್ದಿರುವ ತಿದ್ದುಪಡಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಳೆಯ ಆವೃತ್ತಿ ಅಗ್ಗವಾದರೂ ದುಬಾರಿಯೇ. ಕೊಳ್ಳುವ ಮುಂಚೆ ನಾಲ್ಕು ಕಡೆ ತೆರೆದು ನೋಡಿ. ಸಾಂದರ್ಭಿಕ ರಜೆ ವರ್ಷಕ್ಕೆ 15 ದಿನ ಎಂದಿದ್ದರೆ ಅದು 2019ಕ್ಕಿಂತ ಹಿಂದಿನ ಪುಸ್ತಕ, ಆ ವರ್ಷ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಅದು 10ಕ್ಕೆ ಇಳಿಯಿತು. ಗಳಿಕೆ ರಜೆಯ ಗರಿಷ್ಠ ಸಂಚಯ 240 ಎಂದಿದ್ದರೆ ಇನ್ನೂ ಹಳೆಯದು, ಈಗ 300. ಹೆರಿಗೆ ರಜೆ 180 ದಿನ ಎಂದಿದೆಯೇ? ಉದಾಹರಣೆಗಳಲ್ಲಿ ಕನಿಷ್ಠ ಮೂಲವೇತನ 27,000 ಎಂದಿದೆಯೇ? 7ನೇ ರಾಜ್ಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಬಂದಿವೆ. 17,000 ಇಟ್ಟುಕೊಂಡು ಮಾಡಿದ ಲೆಕ್ಕದಲ್ಲಿ ವಿಧಾನ ಕಲಿಯಬಹುದು, ಅಂಕಿ ಕಲಿಯಬಾರದು.

ತಿದ್ದುಪಡಿ ಆದೇಶಗಳನ್ನು ಆರ್ಥಿಕ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು, ಪುಸ್ತಕದ ಆಯಾ ನಿಯಮದ ಅಂಚಿನಲ್ಲಿ ಆದೇಶ ಸಂಖ್ಯೆ, ದಿನಾಂಕ, ಬದಲಾದ ಅಂಕಿ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಜೆರಾಕ್ಸ್ ಮಾಡಿ ಕಟ್ಟಿಟ್ಟರೆ ಓದುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸತ್ಯ.

ಹನ್ನೆರಡು ವಾರದ ಲೆಕ್ಕ

ಕೆಲಸದ ದಿನ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ. ವಾರಕ್ಕೆ 13, ಹನ್ನೆರಡು ವಾರಕ್ಕೆ 156 ಗಂಟೆ. ಇದನ್ನು ಸಮನಾಗಿ ಹಂಚಬೇಡಿ. ಕೆಸಿಎಸ್‌ಆರ್‌ಗೆ 55, ಆರ್ಥಿಕ ಸಂಹಿತೆಗೆ 30, ಆಯವ್ಯಯ ಮತ್ತು ಲೆಕ್ಕ ಶೀರ್ಷಿಕೆಗೆ (ಜಮೆ ಖರ್ಚನ್ನು ಗುರುತಿಸುವ ಸಂಖ್ಯೆಗಳಿಗೆ) 25, ಖಜಾನೆ ಸಂಹಿತೆ ಮತ್ತು ಬಿಲ್ಲುಗಳಿಗೆ 20, ಸಾದಿಲ್ವಾರು ಕೈಪಿಡಿ ಹಾಗೂ ಸಂಗ್ರಹಣೆಗೆ (ಸರ್ಕಾರಿ ಖರೀದಿಗೆ) 12, ಹಳೆಯ ಪ್ರಶ್ನೆಪತ್ರಿಕೆಗಳಿಗೆ 14. ಅಧಿಸೂಚನೆಯ ಪಠ್ಯಕ್ರಮದೊಂದಿಗೆ ಹೋಲಿಸಿ, ಅದರಲ್ಲಿಲ್ಲದ ಭಾಗದ ಗಂಟೆಯನ್ನು ಕೆಸಿಎಸ್‌ಆರ್‌ಗೆ ಸೇರಿಸಿ.

ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ತುಮಕೂರಿನವರು ಪ್ರಯಾಣದ ಹೊತ್ತನ್ನು ಈ ಒಂದೂವರೆ ಗಂಟೆಗೆ ಸೇರಿಸಿಕೊಳ್ಳುತ್ತಾರೆ. ಅದು ನಿಯಮ ಓದುವ ಜಾಗವಲ್ಲ. ಸೀಟು ಸಿಕ್ಕರೂ ಗಮನ ಸಿಗುವುದಿಲ್ಲ. ಅಲ್ಲಿ ಸಂಖ್ಯೆಗಳ ಚೀಟಿ ತಿರುವಿ ಹಾಕಬಹುದು, ಅಷ್ಟೇ. ಲೆಕ್ಕ ಬಿಡಿಸುವುದು ಮೇಜಿನ ಮೇಲೆ, ಕಾಗದದ ಮೇಲೆ ಆಗಬೇಕು.

ಮಾರ್ಚ್ ತಿಂಗಳನ್ನು ಯೋಜನೆಯಿಂದ ತೆಗೆದೇಬಿಡಿ. ಸಿದ್ಧಗಂಗೆಯ ಜಾತ್ರೆ ಮುಗಿಯುವ ಹೊತ್ತಿಗೆ ಖಜಾನೆ ಮುಂದೆ ಬಿಲ್ಲುಗಳ ಜಾತ್ರೆ ಶುರುವಾಗಿರುತ್ತದೆ. ಆ ತಿಂಗಳು ಓದಿಗೆ ಆಗುವುದಿಲ್ಲ, ಆದರೆ ಉಳಿದ ಅನುದಾನ ಹಿಂದಿರುಗಿಸುವ ಅಧ್ಯರ್ಪಣೆ, ಒಂದು ಬಾಬಿನ ಹಣ ಇನ್ನೊಂದಕ್ಕೆ ಹಾಕುವ ಪುನರ್ವಿನಿಯೋಗ, ಮಾರ್ಚ್ 31ಕ್ಕೆ ಅನುದಾನ ವ್ಯಪಗತವಾಗುವುದು (ಕೈತಪ್ಪುವುದು) ಇವೆಲ್ಲ ಕಣ್ಣೆದುರೇ ನಡೆಯುತ್ತವೆ. ಯಾವ ಆದೇಶ ಯಾರು ಹೊರಡಿಸಿದರು ಎಂದು ಒಂದು ಪುಟದಲ್ಲಿ ಗುರುತು ಹಾಕಿಕೊಳ್ಳಿ. ಏಪ್ರಿಲ್‌ನಲ್ಲಿ ಆಯವ್ಯಯ ಕೈಪಿಡಿ ತೆರೆದಾಗ ಅರ್ಧ ಕೆಲಸ ಆಗಿರುತ್ತದೆ.

ಜಿಲ್ಲಾ ತರಬೇತಿ ಸಂಸ್ಥೆಯಲ್ಲಿ ಇಲಾಖಾ ಪರೀಕ್ಷೆಗೆ ತರಬೇತಿ ಇದ್ದರೆ ನಿಯೋಜನೆ ಪಡೆದು ಹೋಗಿ. ಹೋಗುವ ಮುಂಚೆ ಒಂದು ಸುತ್ತು ಓದಿರಬೇಕು. ಖಾಲಿ ತಲೆಯಲ್ಲಿ ಹೋಗಿ ಕೂತರೆ ಕೇಳಲು ಪ್ರಶ್ನೆಯೇ ಇರುವುದಿಲ್ಲ.

ಲೆಕ್ಕ ಶೀರ್ಷಿಕೆಯಿಂದ ಶುರು ಮಾಡಿ

ಎಲ್ಲರೂ ಕೆಸಿಎಸ್‌ಆರ್‌ನ ಮೊದಲ ಪುಟದಿಂದ ಹೊರಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ವಾರ ಲೆಕ್ಕ ಶೀರ್ಷಿಕೆಗೇ ಕೊಡಬೇಕು. ಎರಡು ವಾರದಲ್ಲಿ ಪೂರ್ತಿ ಕೈವಶವಾಗುವ ಭಾಗ ಇದೊಂದೇ, ಉಳಿದೆಲ್ಲ ಭಾಗದಲ್ಲೂ ಉಪಯೋಗಕ್ಕೆ ಬರುತ್ತದೆ.

ಸಂವಿಧಾನದ ವಿಧಿ 266(1) ಸಂಚಿತ ನಿಧಿ, 266(2) ಸಾರ್ವಜನಿಕ ಲೆಕ್ಕ, 267(2) ರಾಜ್ಯದ ಸಾದಿಲ್ವಾರು ನಿಧಿ, ಅಂದರೆ ಅನಿರೀಕ್ಷಿತ ಖರ್ಚಿನ ನಿಧಿ. ಸರ್ಕಾರದ ಕೈಗೆ ಬಂದ ಪ್ರತಿ ರೂಪಾಯಿ, ಕೈಬಿಟ್ಟ ಪ್ರತಿ ರೂಪಾಯಿ ಈ ಮೂರರಲ್ಲಿ ಒಂದು ಕಡೆ ಕೂರಬೇಕು. ನಾಲ್ಕಂಕಿಯ ಪ್ರಧಾನ ಶೀರ್ಷಿಕೆಯ ಮೊದಲ ಅಂಕಿ ಅದನ್ನು ಹೇಳಿಬಿಡುತ್ತದೆ. 0 ಅಥವಾ 1 ಇದ್ದರೆ ರಾಜಸ್ವ ಜಮೆ, 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ, 6 ಅಥವಾ 7 ಸಾಲ ಮತ್ತು ಮುಂಗಡ, 8 ಸಾರ್ವಜನಿಕ ಲೆಕ್ಕ. ಒಂದೇ ಅಪವಾದ 8000. 8ರಿಂದ ಶುರುವಾದರೂ ಅದು ಸಾದಿಲ್ವಾರು ನಿಧಿ.

ಎರಡು ಸಾವಿರ ಕೂಡಿಸುತ್ತಾ ಹೋಗುವ ಉಪಾಯ ಕಲಿತರೆ ಅರ್ಧ ಬಾಯಿಪಾಠ ತಪ್ಪುತ್ತದೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಜಮೆ 0210, ಅದರ ರಾಜಸ್ವ ವೆಚ್ಚ 2210, ಆಸ್ಪತ್ರೆ ಕಟ್ಟಿದರೆ 4210, ಅದಕ್ಕಾಗಿ ಸಾಲ ಕೊಟ್ಟರೆ 6210. ಭೂಕಂದಾಯ ವಸೂಲಾದರೆ 0029, ವಸೂಲು ಮಾಡುವ ಆಡಳಿತದ ವೆಚ್ಚ 2029. ಎಲ್ಲ ಇಲಾಖೆಗೂ ನಾಲ್ಕೂ ಇರುವುದಿಲ್ಲ. ಆದರೆ ಇದ್ದ ಕಡೆ ಸರಣಿ ಹೀಗೇ.

ಇನ್ನು ಕರ್ನಾಟಕದ ಹದಿನೈದು ಅಂಕಿ. ಪ್ರಧಾನ ಶೀರ್ಷಿಕೆ 4, ಉಪಪ್ರಧಾನ 2, ಕಿರು 3, ಉಪ 1, ವಿವರ 2, ಉದ್ದೇಶ 3. ಉದಾಹರಣೆಗೆ 2053-00-093-0-01-051. 2053 ಜಿಲ್ಲಾಡಳಿತ, 093 ಜಿಲ್ಲಾ ಸಿಬ್ಬಂದಿ ವರ್ಗ, ಕೊನೆಯ 051 ಸಾಮಾನ್ಯ ವೆಚ್ಚ. ನಿಮ್ಮ ಕಚೇರಿಯ ಹತ್ತು ಬಿಲ್ಲು ತೆಗೆದುಕೊಂಡು ಶೀರ್ಷಿಕೆಯನ್ನು ಹೀಗೆ ತುಂಡು ಮಾಡಿ, ಪ್ರತಿ ತುಂಡಿನ ಕೆಳಗೆ ಅದು ಏನು ಹೇಳುತ್ತದೆಂದು ಬರೆಯಿರಿ. ಹತ್ತು ಸಾಕು, ನೂರು ಬೇಡ.

ಇಲ್ಲೊಂದು ಹಳ್ಳವಿದೆ, ಬೀಳುವವರು ಬೀಳುತ್ತಲೇ ಇರುತ್ತಾರೆ. 051 ಎಂಬುದು ಕೊನೆಯ ಮೂರು ಅಂಕಿಯಾಗಿ ಬಂದರೆ ಸಾಮಾನ್ಯ ವೆಚ್ಚ, ಕಿರು ಶೀರ್ಷಿಕೆಯ ಜಾಗದಲ್ಲಿ ಬಂದರೆ ನಿರ್ಮಾಣ. 003 ಉದ್ದೇಶ ಶೀರ್ಷಿಕೆಯಾದರೆ ಸಿಬ್ಬಂದಿ ವೇತನ, ಕಿರು ಶೀರ್ಷಿಕೆಯಾದರೆ ತರಬೇತಿ. ಪ್ರಶ್ನೆಯಲ್ಲಿ ‘ಕಿರು’ ಎಂದಿದೆಯೋ ‘ಉದ್ದೇಶ’ ಎಂದಿದೆಯೋ ನೋಡದೆ ಉತ್ತರ ಹಾಕುವಂತಿಲ್ಲ. ಉದ್ದೇಶ ಶೀರ್ಷಿಕೆಗಳಲ್ಲಿ ಬಾಯಲ್ಲಿರಬೇಕಾದವು ಕಡಿಮೆ: 002 ಅಧಿಕಾರಿಗಳ ವೇತನ, 003 ಸಿಬ್ಬಂದಿ ವೇತನ, 011 ತುಟ್ಟಿಭತ್ಯೆ, 014 ಇತರ ಭತ್ಯೆ, 041 ಪ್ರಯಾಣ ವೆಚ್ಚ, 051 ಸಾಮಾನ್ಯ ವೆಚ್ಚ, 059 ಇತರ ವೆಚ್ಚ, 071 ಕಟ್ಟಡ ವೆಚ್ಚ, 101 ಸಹಾಯಾನುದಾನ, 106 ಸಹಾಯಧನ, 195 ಸಾರಿಗೆ ವೆಚ್ಚ. ಕಿರು ಶೀರ್ಷಿಕೆಗಳಲ್ಲಿ 001 ನಿರ್ದೇಶನ ಮತ್ತು ಆಡಳಿತ, 800 ಇತರೆ, 900 ಜಮೆಯ ಮರುಪಾವತಿ ಕಳೆಯಿರಿ, 911 ಹೆಚ್ಚು ಪಾವತಿಯ ವಸೂಲಿ ಕಳೆಯಿರಿ. ಕೊನೆಯ ಎರಡನ್ನು ಅದಲು ಬದಲು ಮಾಡುವುದು ಸಾಮಾನ್ಯ. 900 ಜಮೆಯ ಕಡೆ ಬರುತ್ತದೆ, 911 ವೆಚ್ಚದ ಕಡೆ ಬರುತ್ತದೆ. ಹಿಂದಿನ ವರ್ಷ ಯಾರಿಗೋ ಹೆಚ್ಚು ಕೊಟ್ಟ ವೇತನ ಈ ವರ್ಷ ವಾಪಸು ಕಟ್ಟಿಸಿಕೊಂಡರೆ ಅದು 911.

ಇದೆಲ್ಲ ಒಂದೇ ಕಾಗದದಲ್ಲಿ ಸಿಗುವ ಜಾಗ ನಿಮ್ಮ ತಿಂಗಳ ಸಂಬಳದ ಬಿಲ್ಲು. ಒಟ್ಟು ವೇತನ ನಿಮ್ಮ ಇಲಾಖೆಯ 2ರಿಂದ ಶುರುವಾಗುವ ಶೀರ್ಷಿಕೆಗೆ ಖರ್ಚು. ಕಟಾವುಗಳು ಹೋಗುವುದು ಬೇರೆ ಬೇರೆ ಮನೆಗೆ: ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) 8009, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ ವಿಮೆ) 8011, ವೃತ್ತಿ ತೆರಿಗೆ 0028, ಸರ್ಕಾರ ಕೊಟ್ಟ ಮನೆ ಕಟ್ಟುವ ಮುಂಗಡದ ಕಂತು 7610, ಆದಾಯ ತೆರಿಗೆ 8658ರ ಅಮಾನತು. ಜಿಪಿಎಫ್ ಸರ್ಕಾರದ ಹಣವಲ್ಲ, ನೌಕರನದು, ಆದ್ದರಿಂದ ಸಾರ್ವಜನಿಕ ಲೆಕ್ಕ. ವೃತ್ತಿ ತೆರಿಗೆ ಸರ್ಕಾರದ್ದೇ ಆದಾಯ, ಆದ್ದರಿಂದ ಸಂಚಿತ ನಿಧಿ. ಆದಾಯ ತೆರಿಗೆ ಕೇಂದ್ರಕ್ಕೆ ಸೇರಬೇಕಾದ್ದು, ಹೋಗುವ ತನಕ ಅಮಾನತಿನಲ್ಲಿ ಕೂರುತ್ತದೆ. ಗುತ್ತಿಗೆದಾರ ಟೆಂಡರಿಗೆ ಇಡುವ ಠೇವಣಿ, ಅಂದರೆ ಇಎಂಡಿ, 8443, ಸಿವಿಲ್ ಠೇವಣಿ. ರಾಜ್ಯವೇ ಎತ್ತಿದ ಸಾಲ 6003, ಅದು ಸಂಚಿತ ನಿಧಿಗೆ ಸೇರುತ್ತದೆ. ‘ಸಾಲ ಅಂದರೆ ಇನ್ನೊಬ್ಬರ ಹಣ, ಹಾಗಾಗಿ ಸಾರ್ವಜನಿಕ ಲೆಕ್ಕ’ ಎಂದು ತರ್ಕ ಮಾಡಿ ತಪ್ಪಿಸುವವರು ಬಹಳ. ಸಂವಿಧಾನ ಎತ್ತಿದ ಸಾಲವನ್ನು ಸ್ಪಷ್ಟವಾಗಿ ಸಂಚಿತ ನಿಧಿಗೇ ಹಾಕಿದೆ.

ಆಯವ್ಯಯ

ವಿಧಿಗಳ ಸರಪಳಿ 202ರಿಂದ 207. ವಾರ್ಷಿಕ ಆರ್ಥಿಕ ತಃಖ್ತೆ 202, ಅಂದಾಜುಗಳ ಬಗ್ಗೆ ವಿಧಾನಮಂಡಲದ ಕಾರ್ಯವಿಧಾನ 203, ಧನವಿನಿಯೋಗ ವಿಧೇಯಕ 204, ಪೂರಕ ಮತ್ತು ಹೆಚ್ಚುವರಿ ಅನುದಾನ 205, ಲೇಖಾನುದಾನ 206. ಕೇಂದ್ರದ 112ರಿಂದ 117ರ ಸರಪಳಿಯನ್ನು ಆಯ್ಕೆಯಲ್ಲಿ ಕೊಟ್ಟು ಬೇಸ್ತು ಬೀಳಿಸುತ್ತಾರೆ. ಪ್ರಶ್ನೆಯಲ್ಲಿ ‘ರಾಜ್ಯ’ ಎಂದಿದ್ದರೆ ಇನ್ನೂರರ ಸಾಲು.

ಪ್ರಭೃತ ವೆಚ್ಚದ ಪಟ್ಟಿ 202(3)ರಲ್ಲಿದೆ. ರಾಜ್ಯಪಾಲರ ಉಪಲಬ್ಧಿ, ಸಭಾಧ್ಯಕ್ಷ ಸಭಾಪತಿಗಳ ವೇತನ, ಸಾಲದ ಬಡ್ಡಿ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ವೇತನ, ನ್ಯಾಯಾಲಯದ ಡಿಕ್ರಿ ಮೊತ್ತ. ಇದರ ಮೇಲೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ಕಂದಾಯ ಕಚೇರಿಗಳಲ್ಲಿ ಭೂಸ್ವಾಧೀನ ಪರಿಹಾರದ ಡಿಕ್ರಿ ಮೊತ್ತ ಕಟ್ಟಿದ ಕಡತವಿದ್ದರೆ ನೋಡಿ, ಪ್ರಭೃತ ಎಂದರೇನೆಂದು ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಪುನರ್ವಿನಿಯೋಗದಲ್ಲಿ ಏನು ಆಗದು ಎಂಬುದನ್ನು ಓದಿ, ಏನು ಆಗಬಹುದು ಎಂಬುದು ತಾನಾಗಿ ಉಳಿಯುತ್ತದೆ. ಒಂದು ಬೇಡಿಕೆಯಿಂದ ಇನ್ನೊಂದು ಬೇಡಿಕೆಗೆ ಆಗದು. ಪುರಸ್ಕೃತದಿಂದ (ಮತಕ್ಕೆ ಹಾಕುವ ವೆಚ್ಚದಿಂದ) ಪ್ರಭೃತಕ್ಕೆ ಅಥವಾ ಅದರಿಂದ ಇದಕ್ಕೆ ಆಗದು. ರಾಜಸ್ವದಿಂದ ಬಂಡವಾಳಕ್ಕೆ, ಬಂಡವಾಳದಿಂದ ರಾಜಸ್ವಕ್ಕೆ ಆಗದು. ವಿಧಾನಮಂಡಲ ಒಪ್ಪದ ಹೊಸ ಸೇವೆಗೆ ಆಗದು. ಮಾರ್ಚ್ 31 ದಾಟಿದ ಮೇಲೆ ಯಾವುದೂ ಆಗದು.

ಕರ್ನಾಟಕದ ವಿತ್ತೀಯ ಹೊಣೆಗಾರಿಕೆ ಅಧಿನಿಯಮ 2002ರದು, ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಇಷ್ಟು ನೆನಪಿದ್ದರೆ ಒಂದು ಅಂಕ ಪುಕ್ಕಟೆ.

ಕೆಸಿಎಸ್‌ಆರ್‌: ಎಸ್‌ಆರ್‌ ಪಕ್ಕದಲ್ಲಿಟ್ಟುಕೊಂಡು

ನಿಯಮ 8ರ ವ್ಯಾಖ್ಯೆಗಳನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲ. ಆದರೆ ಲೀನ್ (ಹುದ್ದೆಯ ಮೇಲಿನ ಹಕ್ಕು), ಕರ್ತವ್ಯ, ವೇತನ, ಮೂಲ ಹುದ್ದೆ ಎಂಬ ಪದಗಳಿಗೆ ಕಚೇರಿಯ ಮಾತಿನಲ್ಲಿರುವ ಅರ್ಥ ಬೇರೆ, ನಿಯಮದ ಅರ್ಥ ಬೇರೆ. ‘ವೇತನ’ ಅಂದಾಗ ನಾವು ಕೈಗೆ ಬರುವ ಸಂಬಳ ಅಂದುಕೊಳ್ಳುತ್ತೇವೆ, ನಿಯಮದ ವೇತನದಲ್ಲಿ ತುಟ್ಟಿಭತ್ಯೆ ಇಲ್ಲ. ಎರಡು ದಿನ ಇದಕ್ಕೇ ಕೊಡಿ.

ಪ್ರಭಾರದ ನಿಯಮಗಳು ಜೋಡಿಯಾಗಿ ಬರುತ್ತವೆ. ನಿಯಮ 32ರಡಿ ಕೆಳ ಹುದ್ದೆಯವರನ್ನು ಮೇಲಿನ ಖಾಲಿ ಹುದ್ದೆಯ ಸ್ವತಂತ್ರ ಪ್ರಭಾರದಲ್ಲಿ ಇರಿಸುತ್ತಾರೆ. ನಿಯಮ 68ರಡಿ ತನ್ನ ಹುದ್ದೆಯ ಕೆಲಸದ ಜತೆಗೆ ಇನ್ನೊಂದು ಹುದ್ದೆಯ ಹೆಚ್ಚುವರಿ ಪ್ರಭಾರ. ಮಧುಗಿರಿಯ ಮ್ಯಾನೇಜರ್ ಕೊರಟಗೆರೆಯ ಮ್ಯಾನೇಜರ್ ಹುದ್ದೆಯನ್ನೂ ನೋಡಿಕೊಂಡರೆ 68. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಒಬ್ಬರು ಖಾಲಿಯಿರುವ ಮ್ಯಾನೇಜರ್ ಹುದ್ದೆಯಲ್ಲಿ ಕೂತರೆ 32. ನಿಮ್ಮ ಕಚೇರಿಯ ಪ್ರಭಾರ ಆದೇಶಗಳನ್ನು ತೆಗೆದು ಯಾವ ನಿಯಮ ಉಲ್ಲೇಖಿಸಿದ್ದಾರೆ ನೋಡಿ. ಕೆಲವೊಮ್ಮೆ ಆದೇಶವೇ ತಪ್ಪಿರುತ್ತದೆ, ಅದನ್ನು ಕಂಡುಹಿಡಿದರೆ ನಿಯಮ ಬಂತೆಂದು ಅರ್ಥ.

ರಜೆಯ ಅಧ್ಯಾಯದಿಂದ ಅಂಕ ಹೆಚ್ಚು ಬರುತ್ತದೆ, ಯಾಕೆಂದರೆ ಅಲ್ಲಿ ಲೆಕ್ಕ ಕೊಡಬಹುದು. ಗಳಿಕೆ ರಜೆ ವರ್ಷಕ್ಕೆ 30, ಜನವರಿ 1 ಮತ್ತು ಜುಲೈ 1ರಂದು 15ರಂತೆ ಮುಂಗಡವಾಗಿ ಜಮೆ. ಅರ್ಧವೇತನ ರಜೆ ವರ್ಷಕ್ಕೆ 20. ಅರ್ಧವರ್ಷದ ನಡುವೆ ಸೇವೆಗೆ ಸೇರಿದವರಿಗೆ ಪೂರ್ಣಗೊಂಡ ತಿಂಗಳಿಗೆ ಎರಡೂವರೆ ದಿನದಂತೆ ಗಳಿಕೆ ರಜೆ. ಫೆಬ್ರುವರಿ 10ರಂದು ಕೆಲಸಕ್ಕೆ ಹಾಜರಾದವರಿಗೆ ಜೂನ್ 30ರ ತನಕ ಪೂರ್ಣ ತಿಂಗಳು ನಾಲ್ಕು, ಆದ್ದರಿಂದ 10 ದಿನ. ಫೆಬ್ರುವರಿಯನ್ನೂ ಸೇರಿಸಿ ಹನ್ನೆರಡೂವರೆ ಎನ್ನುವುದು ಮಾಮೂಲಿ ತಪ್ಪು, ಆ ಉತ್ತರವೂ ಆಯ್ಕೆಯಲ್ಲಿ ಇದ್ದೇ ಇರುತ್ತದೆ.

ಪರಿವರ್ತಿತ ರಜೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ. 12 ದಿನ ತೆಗೆದುಕೊಂಡರೆ ಅರ್ಧವೇತನ ರಜೆ ಲೆಕ್ಕದಿಂದ 24 ಕಳೆಯಬೇಕು. ಖಾತೆಯಲ್ಲಿ 40 ಇದ್ದರೆ ಉಳಿಯುವುದು 16, 28 ಅಲ್ಲ. ಎಸ್‌ಆರ್‌ನ ರಜೆ ಲೆಕ್ಕದ ಪುಟದಲ್ಲಿ ಈ ದುಪ್ಪಟ್ಟು ಕಳೆಯದೆ ಬಿಟ್ಟಿರುವ ನಮೂದುಗಳು ಸಿಗುವುದುಂಟು. ಮೂರು ಎಸ್‌ಆರ್‌ ಹಿಡಿದು, ಸೇರಿದ ದಿನದಿಂದ ಇಂದಿನವರೆಗೆ ರಜೆ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ನೀವೇ ಹೊಸದಾಗಿ ಕಟ್ಟಿ, ಕೊನೆಯ ಶಿಲ್ಕು ಹೊಂದುತ್ತದೆಯೇ ನೋಡಿ. ಒಂದು ಎಸ್‌ಆರ್‌ಗೆ ಎರಡು ಗಂಟೆ ಹಿಡಿಯುತ್ತದೆ. ಗೈಡ್‌ನ ನಲವತ್ತು ಪುಟ ಓದುವುದಕ್ಕಿಂತ ಈ ಆರು ಗಂಟೆ ಮೇಲು. ಇದಕ್ಕೆ ಮೇಲಧಿಕಾರಿಯ ಅನುಮತಿ ಪಡೆಯಿರಿ. ಸೇವಾ ವಹಿ ಮನೆಗೆ ಒಯ್ಯುವಂತಿಲ್ಲ, ಅದರಲ್ಲಿ ಗೀಟು ಹಾಕುವಂತಿಲ್ಲ.

ನಿವೃತ್ತಿ ದಿನಾಂಕ ಚಿಕ್ಕ ವಿಷಯ, ಆದರೆ ಕೈ ಜಾರುವ ವಿಷಯ. 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ 1ನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. 1965ರ ಜುಲೈ 2ರಂದು ಹುಟ್ಟಿದವರು 2025ರ ಜುಲೈ 31ಕ್ಕೆ, ಜುಲೈ 1ರಂದು ಹುಟ್ಟಿದವರು ಜೂನ್ 30ಕ್ಕೆ. ನಮ್ಮ ಹಳ್ಳಿ ಶಾಲೆಗಳ ದಾಖಲಾತಿಯಲ್ಲಿ ಹೆಡ್‌ಮೇಷ್ಟ್ರು ಜೂನ್ 1 ಎಂದು ಬರೆದುಬಿಟ್ಟಿದ್ದರಿಂದ ಒಂದು ತಿಂಗಳ ಸಂಬಳ ಹೋದವರು ಯಾವ ತಾಲ್ಲೂಕಿನಲ್ಲಿ ಇಲ್ಲ!

ಪಿಂಚಣಿ ಭಾಗದಲ್ಲಿ ಗೆರೆ ಎಳೆಯಬೇಕಾದ ದಿನಾಂಕ 2006ರ ಏಪ್ರಿಲ್ 1. ಅಂದು ಮತ್ತು ಆಮೇಲೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ನಿವೃತ್ತರ ಮೇಲಿನ ವಿಚಾರಣೆ, ಪಿಂಚಣಿ ತಡೆಹಿಡಿಯುವ ಅಧಿಕಾರ ನಿಯಮ 214ರಲ್ಲಿದೆ, ಅದರ ನಾಲ್ಕು ವರ್ಷದ ಮಿತಿಯನ್ನು ಜತೆಗೇ ಓದಿ.

ವೇತನದ ತುಂಡು ಲೆಕ್ಕ ಕೂಡ ಬರುತ್ತದೆ. ಮೂಲವೇತನ 30,000, ಏಪ್ರಿಲ್ 12ರ ಅಪರಾಹ್ನ ಬಿಡುಗಡೆ. ಆ ದಿನ ಕರ್ತವ್ಯವೆಂದೇ ಲೆಕ್ಕ, 12 ದಿನಕ್ಕೆ 12,000. ಪೂರ್ವಾಹ್ನ ಬಿಡುಗಡೆಯಾದರೆ 11 ದಿನಕ್ಕೆ 11,000. ಭಾಗಿಸಬೇಕಾದ್ದು ಆ ತಿಂಗಳ ದಿನಗಳಿಂದ. ಫೆಬ್ರುವರಿಗೆ 28 ಇಟ್ಟರೆ ಹತ್ತು ದಿನದ ವೇತನ 10,714. ಅಭ್ಯಾಸಬಲದಿಂದ 30 ಇಟ್ಟರೆ 10,000 ಬರುತ್ತದೆ, ಅದೂ ಆಯ್ಕೆಯಲ್ಲಿ ಇರುತ್ತದೆ.

ಆರ್ಥಿಕ ಸಂಹಿತೆ, ಖಜಾನೆ, ಸಾದಿಲ್ವಾರು

ಇಡೀ ಆರ್ಥಿಕ ಸಂಹಿತೆಯನ್ನು ಹಿಡಿದಿಡುವ ಮೊಳೆ ಒಂದೇ: ಖರ್ಚಿಗೆ ಸಕ್ಷಮ ಪ್ರಾಧಿಕಾರದ ಮಂಜೂರಾತಿಯೂ ಬೇಕು, ಆಯವ್ಯಯದಲ್ಲಿ ಅವಕಾಶವೂ ಬೇಕು. ಅನುದಾನ ಬಂದಿದೆ ಎಂಬುದೇ ಮಂಜೂರಾತಿಯಲ್ಲ, ಮಂಜೂರಾತಿ ಇದೆ ಎಂದರೆ ದುಡ್ಡಿದೆ ಎಂದಲ್ಲ. ಹೇಳಿಕೆಗಳನ್ನು ಕೊಟ್ಟು ಸರಿ ತಪ್ಪು ಕೇಳುವಲ್ಲಿ ಈ ಮೊಳೆಗೆ ನೇತುಹಾಕಿ ನೋಡಿದರೆ ಸಾಕಷ್ಟು ಉತ್ತರ ಸಿಗುತ್ತದೆ. ಆರ್ಥಿಕ ಔಚಿತ್ಯದ ತತ್ವಗಳೂ ಇದೇ ಜಾತಿಯವು. ತನ್ನ ಸ್ವಂತ ಹಣ ಖರ್ಚು ಮಾಡುವಾಗ ಇರುವ ಎಚ್ಚರವೇ ಸರ್ಕಾರದ ಹಣಕ್ಕೂ ಬೇಕು. ತನಗೇ ಲಾಭವಾಗುವ ಮಂಜೂರಾತಿ ತಾನೇ ಕೊಡುವಂತಿಲ್ಲ. ಭತ್ಯೆ ಎಂಬುದು ಖರ್ಚು ತುಂಬಿಸಲಿಕ್ಕೆ, ಗಳಿಕೆಯ ದಾರಿಯಾಗಿ ಅಲ್ಲ.

ನಗದು ಪುಸ್ತಕ: ಬಂದ ಹಣ ಅಂದೇ ನಮೂದು, ಪ್ರತಿ ನಮೂದಿಗೆ ಅಧಿಕಾರಿಯ ಚಿಕ್ಕ ರುಜು, ಒರೆಸುವುದು ತಿದ್ದಿ ಬರೆಯುವುದು ಇಲ್ಲ, ತಿಂಗಳ ಕೊನೆಗೆ ನಗದು ಎಣಿಸಿ ದೃಢೀಕರಣ. ಸ್ವೀಕರಿಸಿದ ಹಣವನ್ನು ಖಜಾನೆಗೆ ಕಟ್ಟದೆ ನೇರವಾಗಿ ಕಚೇರಿ ಖರ್ಚಿಗೆ ಬಳಸುವಂತಿಲ್ಲ. ‘ಆಮೇಲೆ ಹೊಂದಿಸಿದರಾಯಿತು’ ಎನ್ನುವುದೇ ಲೆಕ್ಕಪರಿಶೋಧನೆಯ ಕಂಡಿಕೆಗಳ ತವರು.

ಖಾಯಂ ಮುಂಗಡದ ಲೆಕ್ಕ ಸುಲಭ. ಮುಂಗಡ 5,000, ಕೈಯಲ್ಲಿ ನಗದು 1,800, ಓಚರ್‌ಗಳು 3,200. ಯಾವ ದಿನ ಎಣಿಸಿದರೂ ಎರಡೂ ಕೂಡಿ 5,000 ಆಗಬೇಕು. ಮರುಪೂರಣಕ್ಕೆ ಬಿಲ್ಲು ಹಾಕುವುದು 3,200ಕ್ಕೆ.

ಎಸಿ (ಅಬ್‌ಸ್ಟ್ರಾಕ್ಟ್ ಕಂಟಿಂಜೆಂಟ್) ಬಿಲ್ಲು ಮತ್ತು ಎನ್‌ಡಿಸಿ ಬಿಲ್ಲು ಕರ್ನಾಟಕದ ಪತ್ರಿಕೆಗೆ ಖಾಸಾ ವಿಷಯ. ಎಸಿ ಬಿಲ್ಲಿನಲ್ಲಿ ಓಚರ್ ಇಲ್ಲದೆ ಹಣ ಸೆಳೆಯುತ್ತಾರೆ. ಆಮೇಲೆ ಖರ್ಚಿನ ಓಚರ್‌ಗಳೊಂದಿಗೆ ಎನ್‌ಡಿಸಿ ಬಿಲ್ಲನ್ನು ಮುಂದಿನ ತಿಂಗಳ 15ರೊಳಗೆ ಮಹಾಲೇಖಪಾಲರಿಗೆ ಕಳಿಸಬೇಕು. ಎನ್‌ಡಿಸಿ ಬಿಲ್ಲಿಗೆ ಖಜಾನೆ ಹಣ ಕೊಡುವುದಿಲ್ಲ. ನಾನ್ ಪೇಯಬಲ್ ಡಿಟೇಲ್ಡ್ ಕಂಟಿಂಜೆಂಟ್ ಎಂಬ ಹೆಸರಿನಲ್ಲೇ ಪಾವತಿ ಇಲ್ಲವೆಂದಿದೆ. ಚುನಾವಣೆ ನಡೆದ ವರ್ಷದ ತಾಲ್ಲೂಕು ಕಚೇರಿ ಕಡತಗಳಲ್ಲಿ ಎರಡಕ್ಕೂ ಮಾದರಿ ಸಿಗುವ ಸಂಭವ ಹೆಚ್ಚು.

ಖಜಾನೆ ಸಂಹಿತೆ ಓದುವಾಗ ಒಂದು ಎಚ್ಚರ. ಈಗ ಬಿಲ್ಲು ಹೋಗುವುದು ಖಜಾನೆ-2 ಎಂಬ ಗಣಕ ವ್ಯವಸ್ಥೆಯಲ್ಲಿ, ಸಂಬಳದ ಬಿಲ್ಲು ಹುಟ್ಟುವುದು ನೌಕರರ ಮಾಹಿತಿ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ, ಹಣ ನೇರ ಬ್ಯಾಂಕ್ ಖಾತೆಗೆ. ಸಂಹಿತೆಯಲ್ಲಿ ಇನ್ನೂ ಟೋಕನ್, ಚೆಕ್ಕು, ಮುದ್ರೆ ಇವೆ. ಪ್ರಶ್ನೆ ‘ಸಂಹಿತೆಯ ಪ್ರಕಾರ’ ಎಂದರೆ ಸಂಹಿತೆಯಲ್ಲಿರುವುದೇ ಉತ್ತರ, ಕೌಂಟರಿನಲ್ಲಿ ಈಗ ನಡೆಯುತ್ತಿರುವುದಲ್ಲ. ಅನುಭವಿ ನೌಕರರು ಅಂಕ ಕಳೆದುಕೊಳ್ಳುವ ಜಾಗ ಇದು. ಹೊಸಬರು ಪುಸ್ತಕ ನಂಬಿ ಪಾರಾಗುತ್ತಾರೆ.

ಸಂಗ್ರಹಣೆಗೆ ಪಾರದರ್ಶಕತೆ ಅಧಿನಿಯಮ 1999, ನಿಯಮಗಳು 2000. ಕಲಂ 4ರ ವಿನಾಯಿತಿಗಳನ್ನು, ಮುಖ್ಯವಾಗಿ 4(ಜಿ) ಅಡಿ ಸರ್ಕಾರ ವಿನಾಯಿತಿ ಕೊಡುವ ಅಧಿಸೂಚನೆಗಳನ್ನು ಬೇರೆ ಮಾಡಿ ಓದಿ. ಮೊತ್ತದ ಮಿತಿಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ, ಗೈಡ್‌ನ ಅಂಕಿ ನಂಬಬೇಡಿ.

ಕೊನೆಯ ಎರಡು ವಾರ

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ನಿಯಮ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಜೋಡಿ ಅದಲುಬದಲಾಯಿತು, ಕೂಡಿ ಕಳೆಯುವುದರಲ್ಲಿ ತಪ್ಪಿತು. ಎರಡನೇ ಗುಂಪು ದೊಡ್ಡದಾಗಿದ್ದರೆ ಇನ್ನಷ್ಟು ಓದುವುದರಿಂದ ಉಪಯೋಗವಿಲ್ಲ. 32 ಮತ್ತು 68, 900 ಮತ್ತು 911, ಎಸಿ ಮತ್ತು ಎನ್‌ಡಿಸಿ, 202 ಮತ್ತು 112, ಹೀಗೆ ಜೋಡಿಗಳನ್ನೇ ಎದುರುಬದುರು ಬರೆದು ಒಂದೇ ಹಾಳೆ ಮಾಡಿ. ರೈಲಿನಲ್ಲಿ ತಿರುವಲು ಬೇಕಾದ ಚೀಟಿ ಇದೇ. ಹಳೆಯ ಪತ್ರಿಕೆಯ ಅಧಿಕೃತ ಉತ್ತರವೂ ಆ ಕಾಲದ ನಿಯಮಕ್ಕೆ ಸರಿ, ಈಗಿನದಕ್ಕೆ ಹೊಂದುತ್ತದೆಯೇ ನೋಡಿಕೊಂಡೇ ಬರೆದಿಟ್ಟುಕೊಳ್ಳಿ.

ಕೇಂದ್ರ ಬೆಂಗಳೂರು ಬಂದರೆ ತುಮಕೂರಿನಿಂದ 70 ಕಿಲೋಮೀಟರ್, ಬೆಳಗಿನ ರೈಲಿಗೆ ಸಾಕು. ಪಾವಗಡ, ಶಿರಾ, ಚಿಕ್ಕನಾಯಕನಹಳ್ಳಿಯಿಂದ ಹೊರಡುವವರು ಹಿಂದಿನ ರಾತ್ರಿಯೇ ತುಮಕೂರಿಗೋ ಬೆಂಗಳೂರಿಗೋ ಬಂದಿರುವುದು ಲೇಸು. ಪತ್ರಿಕೆ ಕೈಗೆ ಬಂದ ಮೇಲೆ ಮೊದಲು ಲೆಕ್ಕ ಶೀರ್ಷಿಕೆ, ಸಂವಿಧಾನದ ವಿಧಿ, ದಿನಾಂಕಗಳು, ಅಂದರೆ ಓದಿದ ಕೂಡಲೇ ಉತ್ತರ ಬರುವಂಥವು. ರಜೆ ಮತ್ತು ವೇತನದ ಲೆಕ್ಕ ಎರಡನೇ ಸುತ್ತಿಗೆ. ಕನ್ನಡ ಪಾಠದಲ್ಲಿ ಅನುಮಾನ ಬಂದರೆ ಅದೇ ಪ್ರಶ್ನೆಯ ಇಂಗ್ಲಿಷ್ ಪಾಠವನ್ನೂ ಓದಿ, ಮೂಲ ಸಂಹಿತೆಗಳು ಇಂಗ್ಲಿಷಿನವು. ಒಎಂಆರ್ ಹಾಳೆಯಾದರೆ ಪ್ರಶ್ನೆಪತ್ರಿಕೆಯ ಶ್ರೇಣಿ ಗುರುತು ತುಂಬಿದ್ದೀರಾ ಎಂದು ಎರಡು ಸಲ ನೋಡಿ, ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಾಲು ಜಾರದಂತೆ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ಮಾಡಿ.

ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆ ಹಾಕುವುದಿದ್ದರೆ ನಿಯಮದ ಸಂಖ್ಯೆ, ತಿದ್ದುಪಡಿ ಆದೇಶದ ಪ್ರತಿ ಲಗತ್ತಿಸಿ, ಕೊಟ್ಟ ಗಡುವಿನೊಳಗೆ. ಗೈಡ್‌ನ ಪುಟ ಆಧಾರವಾಗುವುದಿಲ್ಲ. ತೇರ್ಗಡೆಯಾದರೆ ಫಲಿತಾಂಶದ ಅಧಿಸೂಚನೆಯ ಪ್ರತಿಯೊಂದಿಗೆ ಅಂದೇ ಕಚೇರಿ ಮುಖ್ಯಸ್ಥರಿಗೆ ಮನವಿ ಕೊಟ್ಟು, ಪತ್ರಿಕೆಯ ಹೆಸರು, ಅಧಿವೇಶನ, ನೋಂದಣಿ ಸಂಖ್ಯೆ, ಅಧಿಸೂಚನೆಯ ದಿನಾಂಕ ಸಮೇತ ಸೇವಾ ವಹಿಯಲ್ಲಿ ನಮೂದು ಮಾಡಿಸಿ, ದೃಢೀಕರಣದ ರುಜು ಬಿದ್ದಿದೆಯೇ ಕಣ್ಣಾರೆ ನೋಡಿ. ಮನವಿಯ ಸ್ವೀಕೃತಿ ಪ್ರತಿ ನಿಮ್ಮ ಬಳಿ ಇರಲಿ.